ಮಲ್ಲಿನಾಥ ಬರೆದ ಅಳು

ಹೊಳೆದಂಡೆಯ ಆ ಆಶ್ರಮಕ್ಕೆ ಮಲ್ಲಿನಾಥ ಬಂದದ್ದು ಮನಸ್ಸಿನ ನೆಮ್ಮದಿ ಹುಡುಕಿಕೊಂಡು. ಎಲ್ಲ ಬಿಟ್ಟು ಬಂದೆ ಅಂತ ಹೇಳಿಕೊಳ್ಳುತ್ತಿದ್ದ. ಹೊಗಳಿಸಿಕೊಳ್ಳುವ ಚಟ ಮಾತ್ರ ಜೊತೆಯಲ್ಲೇ ಬಂದಿತ್ತು.

ಅವನು ವ್ಯಂಗ್ಯಚಿತ್ರಕಾರ. ಯಾವ ಪತ್ರಿಕೆಯ ಸಂಬಳಗಾರನೂ ಅಲ್ಲ, ಕರೆದವರಿಗೆಲ್ಲ ಬರೆದುಕೊಡುವವನು. ಒಂದು ಮಧ್ಯಾಹ್ನ ಜೊತೆಯ ಶಿಷ್ಯರು ಕೇಳಿದರು.

"ನಿಮ್ಮ ಹಳೇ ಚಿತ್ರ ಒಂದಿಷ್ಟು ತೋರಿಸಿ ಮಾರಾಯ್ರೇ."

ಕೇಳಿದ್ದೇ ತಡ, ಲ್ಯಾಪ್‌ಟಾಪ್ ತೆರೆದ. ಮಕ್ಕಳ ಪತ್ರಿಕೆಗೆ ಬರೆದ ನರಿ, ಮೊಸಳೆ. ಕ್ಯಾಲೆಂಡರಿಗೆ ಬರೆದ ಡೊಳ್ಳುಹೊಟ್ಟೆಯ ಪೊಲೀಸಪ್ಪ. ಆಮೇಲೆ ಶುರುವಾಯಿತು ನೋಡಿ, ಸಿನಿಮಾ ಹೀರೋಗಳ ಮೀಸೆ, ಕ್ರಿಕೆಟ್ ಆಟಗಾರರ ದವಡೆ, ಧಾರಾವಾಹಿ ಅತ್ತೆಯರ ಹುಬ್ಬು! ಶಿಷ್ಯರು ಬಿದ್ದೂ ಬಿದ್ದೂ ನಕ್ಕರು. ಗುರುಗಳು ಹಿಂದೆ ಕೂತು ಸುಮ್ಮನೆ ನೋಡುತ್ತಿದ್ದರು.

"ಇದನ್ನಂತೂ ನೋಡೇ ಇರ್ತೀರಿ," ಎಂದು ಕೊನೆಯದನ್ನು ತೆರೆದ.

ನೋಡದವರು ಯಾರು! ಮೈಕು ಹಿಡಿದ ಹೆಂಗಸು, ಗವಿಯಷ್ಟು ಬಾಯಿ, ನಲ್ಲಿ ಬಿಟ್ಟ ಹಾಗೆ ಕಣ್ಣೀರು, ಕೆನ್ನೆಯ ಮೇಲೆ ಗೋಲಿಯಂಥ ಮಚ್ಚೆ. ಕೆಳಗೆ 'ಸೋತು ಸುಣ್ಣ!' ಎಂಬ ಬರಹ. ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಯಾರೋ ಅತ್ತದ್ದನ್ನು ನೋಡಿ ಬರೆದದ್ದು. ವಾಟ್ಸಾಪ್ ಸ್ಟಿಕ್ಕರ್ ಆಗಿ ಊರೂರು ಸುತ್ತಿತ್ತು, ಟೀ ಶರ್ಟ್ ಮೇಲೂ ಬಂದಿತ್ತು.

"ಅಯ್ಯೋ ಶಿವನೇ, ಇದು ನಿಮ್ಮದಾ!"

ಮಲ್ಲಿನಾಥ ಉಬ್ಬಿಹೋದ.

ಅಷ್ಟರಲ್ಲಿ ಇಂದುಮತಿಯಕ್ಕ ಮಜ್ಜಿಗೆ ತಂದರು. ಆಶ್ರಮದ ಅಡುಗೆಮನೆ ನೋಡಿಕೊಳ್ಳುವವರು, ಮಾತು ಕಮ್ಮಿ. ಸಂಜೆ ಭಜನೆಯಲ್ಲೂ ತಾಳ ಹಾಕುತ್ತಿದ್ದರೇ ಹೊರತು ಹಾಡುತ್ತಿರಲಿಲ್ಲ. ಎಲ್ಲರಿಗೂ ಲೋಟ ಕೊಟ್ಟರು, ಮಲ್ಲಿನಾಥನಿಗೂ ಕೊಟ್ಟರು. ಪರದೆಯ ಕಡೆ ಒಂದು ಸಲ ನೋಡಿ ಹೊರಟುಹೋದರು.

ಶಿಷ್ಯರೆಲ್ಲ ಎದ್ದು ಹೋದ ಮೇಲೆ ಗುರುಗಳು ಹತ್ತಿರ ಬಂದು ಕೂತರು.

"ಯಾರಯ್ಯಾ ಈ ಹೆಂಗಸು?"

"ಯಾರೋ ಗುರುಗಳೇ. ಹೆಸರು ನೆನಪಿಲ್ಲ."

"ಎದುರಿಗೆ ಸಿಕ್ಕರೆ ಗುರುತು ಹಿಡೀತೀಯಾ?"

"ಏನು ಹೀಗೆ ಕೇಳ್ತೀರಿ! ಒಂದು ಸಲ ಮುಖ ಬರೆದರೆ ಮುಗೀತು, ಈ ಜನ್ಮದಲ್ಲಿ ಮರೆಯಲ್ಲ."

"ಹಾಗಾದರೆ ಈಗ ನಿನಗೆ ಮಜ್ಜಿಗೆ ಕೊಟ್ಟವಳು ಯಾರು?"

ಮಲ್ಲಿನಾಥ ನಕ್ಕ. ಆಮೇಲೆ ನಗು ನಿಂತಿತು. ಕಿಟಕಿಯ ಕೆಳಗೇ ಹೊಳೆಯ ಮೆಟ್ಟಿಲ ಮೇಲೆ ಇಂದುಮತಿಯಕ್ಕ ಲೋಟ ತೊಳೆಯುತ್ತಿದ್ದರು. ಕೆನ್ನೆಯ ಮೇಲೆ ಎಳ್ಳುಕಾಳಿನಷ್ಟು ಮಚ್ಚೆ. ಇಷ್ಟು ದಿನ ಅವರ ಕೈಯ ಅನ್ನ ತಿಂದಿದ್ದಾನೆ, ಇನ್ನೊಂದು ಸೌಟು ಸಾರು ಹಾಕಿ ಅಕ್ಕಾ ಅಂದಿದ್ದಾನೆ, ಮುಖವನ್ನೇ ನೋಡಿಲ್ಲ!

ಮೆಟ್ಟಿಲಿಗೆ ಹೋಗಿ ನಿಂತ.

"ಅಕ್ಕಾ, ನನಗೆ ಗೊತ್ತಾಗಲಿಲ್ಲ. ತಪ್ಪಾಯಿತು."

"ನನಗೆ ನೀವು ಬಂದ ದಿನ ಹೆಸರು ಹೇಳಿದಾಗಲೇ ಗೊತ್ತಾಯಿತು. ಚಿತ್ರದ ಮೂಲೆಯಲ್ಲಿ ನಿಮ್ಮ ಸಹಿ ಇತ್ತಲ್ಲ."

ಅವನು ತಲೆ ತಗ್ಗಿಸಿದ. ಅವರು ಲೋಟ ತೊಳೆಯುತ್ತಲೇ ಹೇಳಿದರು.

"ನಾನು ಹಾಡೋದು ಅಪ್ಪನಿಗೆ ಸೇರುತ್ತಿರಲಿಲ್ಲ. ಆ ದಿನ ವೇದಿಕೆ ಮೇಲೆ ನಿಂತು ನೋಡ್ತೀನಿ, ಮುಂದಿನ ಸಾಲಿನಲ್ಲಿ ಅಪ್ಪ! ಹೊಸ ಪಂಚೆ ಉಟ್ಟುಕೊಂಡು, ತಲೆದೂಗಿಕೊಂಡು ಕೂತಿದ್ದಾರೆ. ಸಂತೋಷ ತಡೆಯೋಕಾಗಲಿಲ್ಲ ತಮ್ಮಾ. ಹಾಡು ಅಲ್ಲಿಗೇ ನಿಂತುಹೋಯಿತು, ಅಳು ಬಂತು. ಸೋತೆ. ಸೋತದ್ದಕ್ಕೆ ಬೇಜಾರೇನೂ ಇರಲಿಲ್ಲ."

"ಸಂತೋಷಕ್ಕೆ ಅತ್ತದ್ದಾ?"

"ಹ್ಞೂಂ. ಆಮೇಲೆ ನಿಮ್ಮ ಚಿತ್ರ ಅಪ್ಪನ ಫೋನಿಗೂ ಬಂತು. 'ನಾನು ಹೋಗಿ ಎದುರಿಗೆ ಕೂತೆ, ಹೆದರಿ ಸೋತಳು ನನ್ನ ಮಗಳು' ಅಂತ ಕೊರಗೋಕೆ ಶುರು ಮಾಡಿದರು. 'ಅಲ್ಲಪ್ಪಾ, ನಿಮ್ಮನ್ನ ನೋಡಿ ಖುಷಿಯಾಯಿತು' ಅಂದರೆ ಫೋನು ತೋರಿಸೋರು. 'ಖುಷಿಯಾದವರ ಮುಖ ಹೀಗಿರುತ್ತೇನಮ್ಮಾ?' ಅನ್ನೋರು. ಕೊನೆಯವರೆಗೂ ನಂಬಲಿಲ್ಲ. ಹಾಗೇ ಹೋಗಿಬಿಟ್ಟರು."

ಮಲ್ಲಿನಾಥನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ನನ್ನ ಮೇಲೆ ಕೋಪ ಇಲ್ಲವಾ ಅಕ್ಕಾ?"

"ಇಲ್ಲ ಅಂದರೆ ಸುಳ್ಳಾಗುತ್ತೆ," ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಅವನು ಚೀಲ ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ಹೊರಡ್ತೀನಿ ಗುರುಗಳೇ. ಅವರ ಎದುರು ಓಡಾಡೋಕೆ ನನಗೆ ಮುಖವಿಲ್ಲ. ಆ ಚಿತ್ರ ಅಳಿಸಿಹಾಕ್ತೀನಿ."

"ಯಾರ ಯಾರ ಫೋನಿನಿಂದ?"

ಮಲ್ಲಿನಾಥ ಚೀಲವನ್ನು ಹೆಗಲಿಗೇರಿಸಿದ.

"ತಪ್ಪಾಯಿತು ಅಂದೆಯಾ?"

"ಅಂದೆ."

"ಎಲ್ಲಿ?"

"ಮೆಟ್ಟಿಲ ಹತ್ತಿರ. ಅವರೊಬ್ಬರೇ ಇದ್ದರು."

"ನಗಿಸಿದ್ದು ಎಲ್ಲಿ?"

ಮಲ್ಲಿನಾಥ ಚೀಲ ಕೆಳಗಿಟ್ಟ.

"ನಿನ್ನ ತಪ್ಪನ್ನು ಹೇಳು," ಎಂದರು ಗುರುಗಳು. "ಅವಳ ಹೆಸರು ಎತ್ತಬೇಡ. ಅದನ್ನು ಹೇಳುವುದು ಬಿಡುವುದು ಅವಳಿಗೆ ಸೇರಿದ್ದು."

ಸಂಜೆ ಭಜನೆಗೆ ಎಲ್ಲರೂ ಸೇರಿದರು. ಇಂದುಮತಿಯಕ್ಕ ಎಂದಿನ ಹಾಗೆ ಹಿಂದಿನ ಗೋಡೆಯ ಹತ್ತಿರ ತಾಳ ಹಿಡಿದು ಕೂತಿದ್ದರು. ಮಲ್ಲಿನಾಥ ಎದ್ದು ನಿಂತ.

"ಮಧ್ಯಾಹ್ನ ತೋರಿಸಿದೆನಲ್ಲ, ಆ ಚಿತ್ರ... ಅದು ನಿಜವಲ್ಲ. ನಾನು ಏನೂ ಕೇಳಲಿಲ್ಲ, ಏನೂ ತಿಳಿದುಕೊಳ್ಳಲಿಲ್ಲ, ಸುಮ್ಮನೆ..."

ಅಳು ಬಂತು. ತಡೆಯೋಣವೆಂದರೆ ಆಗಲಿಲ್ಲ, ಅಷ್ಟು ಜನರೆದುರು ಬಾಯಿ ತೆರೆದು ಅತ್ತುಬಿಟ್ಟ. ಮೂಗು ಸೋರಿತು. ಒರೆಸಿಕೊಳ್ಳಲು ಕೈ ಕೂಡ ಏಳಲಿಲ್ಲ.

ಶಿಷ್ಯರಿಗೆ ಇದೂ ಅವನ ತಮಾಷೆಯೇ ಅನ್ನಿಸಿತು. ಪಾಪ, ಅವರಿಗೇನು ಗೊತ್ತು! "ಎಲಾ ಇವನಾ, ಸ್ಟಿಕ್ಕರೇ ಎದ್ದು ಬಂದ ಹಾಗಿದೆ," ಎಂದು ಒಬ್ಬ ಚಪ್ಪಾಳೆ ತಟ್ಟಿದ. ಸಭೆಯೆಲ್ಲ ಗೊಳ್ಳೆಂದಿತು. ಮಲ್ಲಿನಾಥ ನಾಚಿಕೆಯಿಂದ ಹಿಡಿಯಷ್ಟಾದ.

"ನಗಬೇಡಿ!"

ಇಂದುಮತಿಯಕ್ಕ ತಾಳ ಕೆಳಗಿಟ್ಟು ಎದ್ದು ನಿಂತಿದ್ದರು. ಅವರ ದನಿ ಅಷ್ಟು ಗಟ್ಟಿ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಗು ಅಡಗಿತು.

ಗುರುಗಳು ತಮ್ಮ ಚಾಪೆಯಿಂದ ಸರಿದು ಜಾಗ ಮಾಡಿಕೊಟ್ಟರು.

"ಬಾಮ್ಮ, ಇಲ್ಲಿ ಕೂತುಕೋ. ಇವನು ಯಾಕೆ ಅಳ್ತಿದ್ದಾನೆ ಅಂತ ನೀನೇ ಹೇಳು. ನೀನು ಹೇಳಿದ್ದನ್ನ ನಾವು ನಂಬ್ತೀವಿ."