ಬೋನು ಕೊಟ್ಟ ಡೆಮೊ

ಹೆಗ್ಗಣ ದುಂಡಪ್ಪನಿಗೆ ಒಂದು ವೆಬ್ ಆ್ಯಪ್ ಬೇಕಿತ್ತು. ಯಾವ ಬಿಲದಲ್ಲಿ ಯಾರ ರಾಗಿ ಇದೆ ಅನ್ನೋ ಪಟ್ಟಿಯನ್ನ ಅದರಲ್ಲಿ ಹಾಕಬೇಕು. ಪಟ್ಟಿ ಕಳೆದರೆ ಮಳೆಗಾಲದಲ್ಲಿ ಇಡೀ ಬಳಗ ಉಪವಾಸ. ಆ್ಯಪನ್ನ ಯಾವ ಪ್ಲಾಟ್‌ಫಾರ್ಮ್ ಮೇಲೆ ಕಟ್ಟೋದು ಅಂತ ಹುಡುಕುತ್ತಿದ್ದಾಗ ಇಲಿಬೋನು ಕರೆಯಿತು.

“ಬನ್ನಿ ಯಜಮಾನ್ರೇ. ನನ್ನಲ್ಲಿ ಎಲ್ಲಾ ರೆಡಿ ಇದೆ. ಕೋಡ್ ಬರೆಯೋ ತಾಪತ್ರಯವೇ ಇಲ್ಲ. ಕೊಬ್ಬರಿ ಬೇರೆ ಫ್ರೀ.”

ದುಂಡಪ್ಪ ಸುತ್ತಲೂ ಮೂಸಿ ನೋಡಿದ. “ಒಳಗೆ ಹೋಗೋಕೆ ಬಾಗಿಲೇನೋ ಇದೆ. ನಾವು ಹೆಗ್ಗಣಗಳು ಬಿಲ ತೋಡಿದರೆ ಹಿಂದೊಂದು ದಾರಿ ಬಿಟ್ಟೇ ತೋಡೋದು. ನಿನ್ನದೆಲ್ಲಿ?”

“ಅದು ಮುಂದಿನ ವರ್ಷನ್‌ನಲ್ಲಿ ಬರುತ್ತೆ.”

ದುಂಡಪ್ಪ ಪಟ್ಟಿಯನ್ನ ಕಂಕುಳಲ್ಲಿ ಅವುಚಿಕೊಂಡು, ಬರೀ ಒಂದು ಹುಲ್ಲುಕಡ್ಡಿಯನ್ನ ಒಳಗೆ ತಳ್ಳಿದ. ಬಾಗಿಲು ಟಪ್ ಅಂತ ಬಿತ್ತು.

“ಈಗ ನನ್ನ ಕಡ್ಡಿ ವಾಪಸ್ ಕೊಡು.”

“ಅದಕ್ಕೆ ಸಪೋರ್ಟಿನವರಿಗೆ ಹೇಳಬೇಕು.”

“ಯಾರವರು?”

“ಬೆಕ್ಕಣ್ಣ. ನೀವು ಒಂದು ಕೂಗು ಹಾಕಿದರೆ ಸಾಕು, ಓಡಿ ಬರ್ತಾರೆ.”

ದುಂಡಪ್ಪ ಕೂಗಲಿಲ್ಲ. ಕಡ್ಡಿಯನ್ನ ಅಲ್ಲೇ ಬಿಟ್ಟು, ಸದ್ದಿಲ್ಲದೆ ಮನೆಗೆ ಹೋಗಿ, ಕೋಡಿನ ಮೊದಲನೇ ಸಾಲನ್ನ ತಾನೇ ಬರೆಯೋಕೆ ಕೂತ.