ಛತ್ರಿ ವ್ಯಾಪಾರಿ ಕೊಂಡ ಕ್ಯಾಮೆರಾ

“ಅಕ್ಕಾ, ತಿರುಗಾಟಕ್ಕೆ ಯಾವ ಕ್ಯಾಮೆರಾ ಒಳ್ಳೆಯದು?” ಎಂದು ಸುಗಂಧಿ ಕೇಳಿದಳು.

ಕೇಳಿದ್ದು ಚಂಪಕ್ಕನನ್ನು. ಚಂಪಕ್ಕ ಅರ್ಧ ಪ್ರಪಂಚ ಸುತ್ತಿ ಬಂದು, ಈಗ ಮಂಗಳೂರಿನ ತಮ್ಮ ಮನೆಯ ಜಗಲಿಯಲ್ಲಿ ನಾಲ್ಕಾರು ಮಂದಿಗೆ ಫೋಟೊ ತೆಗೆಯುವುದನ್ನು ಕಲಿಸುತ್ತಿದ್ದರು. ಶಿಷ್ಯೆಯರ ಪೈಕಿ ಸುಗಂಧಿ ಎಲ್ಲರಿಗಿಂತ ಹೆಚ್ಚು ಓದಿಕೊಂಡವಳು, ಎಲ್ಲರಿಗಿಂತ ಕಡಿಮೆ ಊರು ನೋಡಿದವಳು. ಗೆಳತಿಯರ ಗುಂಪೊಂದು ಮೇಘಾಲಯಕ್ಕೆ ಹೊರಟಿತ್ತು. ಬರುತ್ತೇನೋ ಇಲ್ಲವೋ ಎಂದು ಅವಳು ಸಂಜೆಯೊಳಗೆ ಹೇಳಬೇಕಿತ್ತು. ಧೂಳು ತಡೆಯುವ ಕ್ಯಾಮೆರಾ ಸಿಗಲಿಲ್ಲವೆಂದು ಹಿಂದಿನ ಸಲ ರಾಜಸ್ಥಾನ ಬಿಟ್ಟಿದ್ದಳು. ಚಳಿಗೆ ಬ್ಯಾಟರಿ ಬಾಳುವುದಿಲ್ಲವೆಂದು ಅದಕ್ಕೂ ಮೊದಲು ಲಡಾಖ್ ಬಿಟ್ಟಿದ್ದಳು. ಈ ಸಲವೂ ಕೈಕೊಟ್ಟರೆ ಇನ್ನು ಕರೆಯುವುದಿಲ್ಲವೆಂದು ಗೆಳತಿಯರು ನಗುತ್ತಲೇ ಹೇಳಿದ್ದರು. ಅದರಲ್ಲಿ ನಗು ಮಾತ್ರ ಸುಳ್ಳೆಂದು ಅವಳಿಗೆ ಗೊತ್ತಿತ್ತು.

ನೋಡಿ ಒಂದನ್ನು ಹಿಂದಿರುಗಿಸುತ್ತೇನೆಂದು ಪರಿಚಯದ ಅಂಗಡಿಯಿಂದ ತಂದ ಎರಡು ಮಿರರ್‌ಲೆಸ್ ಕ್ಯಾಮೆರಾಗಳನ್ನು ಅವಳು ಚಾಪೆಯ ಮೇಲಿಟ್ಟಳು.

“ಎರಡೂ ಚಿಕ್ಕವೇ, ಎರಡೂ ಗಟ್ಟಿಯೇ. ಇದಕ್ಕೆ ಮಳೆ ತಾಗುವುದಿಲ್ಲ ಅಂತಾರೆ. ಅದಕ್ಕೂ ತಾಗುವುದಿಲ್ಲ ಅಂತಾರೆ, ಆದರೆ ಅಷ್ಟು ಧೈರ್ಯವಾಗಿ ಹೇಳುವುದಿಲ್ಲ. ಅಲ್ಲಿ ದಿನವಿಡೀ ಮಳೆಯಂತೆ ಅಕ್ಕಾ. ಏನು ಮಾಡಲಿ?”

“ಕೂತ್ಕೋ ಮಾರಾಯ್ತಿ, ಒಂದು ಕತೆ ಕೇಳು,” ಎಂದರು ಚಂಪಕ್ಕ.

ಬಯಲುಸೀಮೆಯ ಊರೊಂದರಲ್ಲಿ ಒಬ್ಬ ಛತ್ರಿ ವ್ಯಾಪಾರಿಯಿದ್ದ. ಆ ಊರಿಗೆ ಮಳೆ ನೆಂಟರ ಹಾಗೆ ಬಂದು ಹೋಗುತ್ತಿತ್ತು. ಜನ ಛತ್ರಿ ಕೊಳ್ಳುತ್ತಿದ್ದದ್ದು ಬಿಸಿಲಿಗೆ. ವ್ಯಾಪಾರಿಯ ಹೆಂಡತಿಗೆ ಮಂಡಿನೋವು, ಅವಳು ಊರು ಬಿಟ್ಟು ಹೋಗುವಂತಿರಲಿಲ್ಲ. “ಜನ್ಮವಿಡೀ ಛತ್ರಿ ಮಾರಿದ್ದೇ ಬಂತು, ಒಂದು ಸರಿಯಾದ ಮಳೆ ನೋಡಲಿಲ್ಲ. ಕಡಲ ಕಡೆ ಹೋಗಿ ಫೋಟೊದಲ್ಲಾದರೂ ತಂದು ತೋರಿಸಿ,” ಎಂದಳು.

ಅವನು ಒಂದು ಮಳೆಗಾಲ ಹೋದ. ಜೊತೆಗೆ ಒಯ್ದದ್ದು ದೊಡ್ಡ ಕ್ಯಾಮೆರಾ, ಹೆಗಲು ಜಗ್ಗುವಷ್ಟು ಭಾರ. ಮಳೆ ಶುರುವಾದ ಕೂಡಲೆ ಅದನ್ನು ಲಾಡ್ಜಿನ ಕಪಾಟಿಗೆ ಸೇರಿಸಿದ. ಹೆಂಡತಿಗೆ ನೋಡಲು ಸಿಕ್ಕಿದ್ದು ಲಾಡ್ಜಿನ ಫ್ಯಾನು, ಲಾಡ್ಜಿನ ಕಿಟಕಿ, ಬನ್ಸ್ ಇಟ್ಟಿದ್ದ ಒಂದು ತಟ್ಟೆ. ಅವಳು ನೋಡಿ ಮುಗಿಸಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳಲು ಕೂತಳು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಮರುವರ್ಷ ಅವನು ಚಿಕ್ಕದೂ ಗಟ್ಟಿಯೂ ಆದ ಕ್ಯಾಮೆರಾ ಹುಡುಕಿ ಹೊರಟ. ಛತ್ರಿಯವರ ಪರೀಕ್ಷೆ ಒಂದೇ: ಬಿಚ್ಚಿ ಹಿಡಿದು ಮೇಲಿಂದ ಒಂದು ಕೊಡ ನೀರು ಸುರಿಯುವುದು. ಕ್ಯಾಮೆರಾ ಅಂಗಡಿಯಲ್ಲೂ ಅವನು ಒಂದು ಕೊಡ ನೀರು ಕೇಳಿದ.

“ಸಾಹುಕಾರರೇ, ಇದು ಕ್ಯಾಮೆರಾ. ಛತ್ರಿಯಲ್ಲ.”

“ಅದು ಮಳೆಗೆ ಗೊತ್ತಿರಬೇಕಲ್ಲಪ್ಪ!”

ನೀರು ಸಿಗಲಿಲ್ಲ. ಛತ್ರಿ ಸೋರುವುದು ಹೊಲಿಗೆಯಲ್ಲಿ ಎಂದು ಬಲ್ಲವನಾದ್ದರಿಂದ ಅವನು ಕ್ಯಾಮೆರಾದ ಸಂದುಗಳನ್ನು ಹುಡುಕಿದ. ಬ್ಯಾಟರಿಯ ಬಾಗಿಲು ತೆರೆಸಿದ, ಅಂಚಿನ ರಬ್ಬರನ್ನು ಉಗುರಿನಿಂದ ಒತ್ತಿದ. ಲೆನ್ಸ್ ಕಳಚಿಸಿ ಅದರ ಬುಡದಲ್ಲೂ ರಬ್ಬರ್ ಬಳೆ ಇದೆಯೇ ಎಂದು ನೋಡಿದ. ಅಂಗಿಯ ಮೇಲಿನ ಕೋಟಿನ ಜೇಬಿಗೆ ಇಳಿಸಿ ಅಂಗಡಿಯೊಳಗೇ ನಾಲ್ಕು ಸುತ್ತು ಹಾಕಿದ. ಮೆಚ್ಚಿ ಕೊಂಡ. ಅದಕ್ಕಿಂತ ಒಳ್ಳೆಯ ಆಯ್ಕೆಯನ್ನು ನಾನೂ ಮಾಡಲಾರೆ, ಸುಗಂಧಿ.

ಅವನು ಕಡಲ ಕಡೆಗೆ ಬಂದ. ಜೋರು ಮಳೆ. ಗದ್ದೆಯ ತುಂಬ ನಾಟಿ. ತಲೆಯಿಂದ ಬೆನ್ನಿನ ತನಕ ಎಲೆಯ ಗೊರಬೆ ಹೊದ್ದ ಹೆಂಗಸರು ಬಗ್ಗಿ ನೇಜಿ, ಅಂದರೆ ಭತ್ತದ ಸಸಿ, ನೆಡುತ್ತಿದ್ದರು. ವ್ಯಾಪಾರಿ ಗದ್ದೆಯ ಬದುವಿನ ಮೇಲೆ ನಿಂತು ಜೇಬಿನಿಂದ ಕ್ಯಾಮೆರಾ ತೆಗೆದ. ತೆಗೆದವನೇ ಅದರ ಮೇಲೆ ಛತ್ರಿ ಬಿಚ್ಚಿದ!

ಮಳೆ ತಡೆಯುವ ಕ್ಯಾಮೆರಾವನ್ನು ಅವನು ಮಳೆಯಿಂದ ಕಾಪಾಡಿದ. ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಕ್ಯಾಮೆರಾ. ಬದುವಿನಿಂದ ಇಳಿಯಲು ಆಗಲಿಲ್ಲ. ದೂರದಲ್ಲಿ ಬಗ್ಗಿದ್ದ ಹೆಂಗಸರು ಫೋಟೊದಲ್ಲಿ ಕವುಚಿಟ್ಟ ಬುಟ್ಟಿಗಳಂತೆ ಕಂಡರು.

ಅವರಲ್ಲೊಬ್ಬಳು ನೆಟ್ಟಗಾಗಿ ಸೊಂಟಕ್ಕೆ ಕೈಯಿಟ್ಟಳು. “ಓ ಮಾರಾಯ್ರೇ, ಕಾಶಿಯಾತ್ರೆಗೆ ಹೊರಟ ಮದುಮಗನ ಹಾಗೆ ನಿಂತಿದ್ದೀರಲ್ಲ! ಹೆಣ್ಣು ಬೇಕಾ, ನೇಜಿ ಬೇಕಾ?”

ಸಾಲಿಗೆ ಸಾಲೇ ನಕ್ಕಿತು. ವ್ಯಾಪಾರಿ ನಾಚಿ ತಿರುಗಿದ್ದೇ ತಡ, ಗಾಳಿ ಬೀಸಿತು. ಜನ್ಮವಿಡೀ ಛತ್ರಿ ಮಾರಿದವನ ಕೈಯಿಂದ ಛತ್ರಿ ಹಾರಿತು. ಗದ್ದೆಯ ಮೇಲೆ ಉರುಳಿತು, ಕುಪ್ಪಳಿಸಿತು. ಹೆಂಗಸರು ನೇಜಿ ಬಿಟ್ಟು ಕೂಗುತ್ತ ಅದರ ಹಿಂದೆ ಓಡಿದರು. ಅವನೂ ಓಡಿದ. ಮೊಣಕಾಲಿನ ತನಕ ಹೂತ, ಚಪ್ಪಲಿ ಕಳೆದುಕೊಂಡ, ಬಿದ್ದ. ಕ್ಯಾಮೆರಾ ಕೆಸರಿಗೆ ಬಿತ್ತು. ಎತ್ತಿ ಆಕಾಶಕ್ಕೆ ಹಿಡಿದ. ಅಂಗಡಿಯವನು ಕೊಡದ ನೀರನ್ನು ಮಳೆ ಕೊಡಗಟ್ಟಲೆ ಸುರಿಯಿತು. ಈಗ ಅವನಿಗೆ ಎರಡೂ ಕೈ ಬಿಡುವಾಗಿದ್ದವು. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ. ನಗುತ್ತಲೇ ಒತ್ತಿದ, ಒತ್ತುತ್ತಲೇ ಹೋದ.

ಊರಿಗೆ ಬಂದು ಹೆಂಡತಿಯ ಪಕ್ಕ ಕುಳಿತು ಒಂದೊಂದಾಗಿ ತೋರಿಸಿದ.

“ಎಲ್ಲದರಲ್ಲೂ ಮೇಲೊಂದು ಕರಿಮೋಡ ಇದೆಯಲ್ಲ?” ಎಂದಳು ಅವಳು.

ಅದು ಛತ್ರಿಯ ಅಂಚು. ವ್ಯಾಪಾರಿ ಬೇಗನೆ ಮುಂದಿನದಕ್ಕೆ ಸರಿಸಿದ. ಅಲ್ಲಿಂದ ಮೋಡವಿರಲಿಲ್ಲ. ಓರೆಯಾದ ಗದ್ದೆ. ಬಾಯಿ ತುಂಬ ನಗುತ್ತ ಓಡುವ ಹೆಂಗಸರು. ಗಾಳಿಗೆ ಎದ್ದ ಗೊರಬೆ. ಲೆನ್ಸಿನ ಮೇಲೇ ಕೂತ ಹನಿಗಳು. ಅವಳು ಮುಂದಕ್ಕೆ ಬಾಗಿ ನೋಡಿದಳು. ಹೊರಗೆ ಸುಡುಬಿಸಿಲು. ನೋಡುತ್ತ ನೋಡುತ್ತ ಅವಳು, ತನಗೇ ತಿಳಿಯದೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಚಂಪಕ್ಕ ಕತೆ ನಿಲ್ಲಿಸಿದರು. ಸುಗಂಧಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂದಿತ್ತು. ಆದರೂ ಏನೋ ಒಂದು ಅವಳನ್ನು ಕೊರೆಯುತ್ತಿತ್ತು.

“ಅಲ್ಲ ಅಕ್ಕಾ, ಆ ಛತ್ರಿ ಕೊನೆಗೆ ಸಿಕ್ಕಿತಾ?”

ಚಂಪಕ್ಕ ಚಾಪೆಯ ಕಡೆ ನೋಡದೆ ಕೈಚಾಚಿ, ಮೊದಲು ಸಿಕ್ಕಿದ ಕ್ಯಾಮೆರಾವನ್ನು ಎತ್ತಿ ಅವಳ ಕೊರಳಿಗೆ ಹಾಕಿದರು.

“ನೋಡಿದೆಯಾ, ನಿನಗೆ ಕ್ಯಾಮೆರಾದ ಚಿಂತೆ ಯಾವತ್ತೂ ಇರಲೇ ಇಲ್ಲ. ಇದ್ದದ್ದು ಛತ್ರಿಯದ್ದೇ.”

ಸುಗಂಧಿ ಇನ್ನೊಂದು ಕ್ಯಾಮೆರಾವನ್ನು ಅಂಗಡಿಯ ಚೀಲಕ್ಕೆ ಸೇರಿಸಿ, ಗೆಳತಿಯರಿಗೆ ಫೋನ್ ಹಚ್ಚಿದಳು.