ಪೂರ್ವಪಕ್ಷದಲ್ಲಿ ಬಿಟ್ಟ ಮಾತು

“ಬುದ್ಧಿ, ಪ್ರಬಂಧದಲ್ಲಿ ಎದುರಾಳಿಯ ಮಾತಿಗೆ ಎಷ್ಟು ಜಾಗ ಕೊಡಬೇಕು?” ಎಂದು ಪರ್ವತಯ್ಯ ತನ್ನ ಗುರುಗಳನ್ನು ಕೇಳಿದ.

ಅವನು ಮಠದ ವೈದ್ಯ ಪಾಠಶಾಲೆಯಲ್ಲಿ ಕೊನೆಯ ವರ್ಷದ ವಿದ್ಯಾರ್ಥಿ. ಬಾಣಂತಿಯರ ಪಥ್ಯದ ಮೇಲೆ ಸಂಶೋಧನಾ ಪ್ರಬಂಧ ಬರೆಯುತ್ತಿದ್ದ. ಹೆರಿಗೆಯಾದ ಹೆಂಗಸಿಗೆ ನೀರು, ಸೊಪ್ಪು, ಹಣ್ಣು ಎಲ್ಲವನ್ನೂ ಕಟ್ಟುನಿಟ್ಟಾಗಿ ಕಡಿಮೆ ಮಾಡುವ ಹಿಂದಿನ ಪದ್ಧತಿಯೇ ಸರಿ ಎಂಬುದು ಅವನ ವಾದ. ಪ್ರಬಂಧದ ನಕ್ಷೆ ಸಿದ್ಧವಾಗಿತ್ತು. ಮೊದಲು ವಿಷಯ, ನಂತರ ಪೂರ್ವಪಕ್ಷ ಅಂದರೆ ಎದುರಾಳಿಯ ಮಾತು, ಆಮೇಲೆ ಅದರ ಖಂಡನೆ, ಕೊನೆಗೆ ತನ್ನ ಸಿದ್ಧಾಂತ. ಆಧಾರಗಳನ್ನೂ ಕೂಡಿಹಾಕಿದ್ದ. ಬರುವ ವಾರ ವಿದ್ವಾಂಸರ ಸಭೆಯಲ್ಲಿ ಓದಬೇಕು. ಸಭೆ ಒಪ್ಪಿದರೆ ಸುತ್ತಲಿನ ಹಳ್ಳಿಗಳ ಸೂಲಗಿತ್ತಿಯರಿಗೆ ಮಠದ ಕಡೆಯಿಂದ ಅದನ್ನೇ ಹೇಳಿಕೊಡುತ್ತಾರೆ.

“ಪೂರ್ತಿ ಬರೆದರೆ ನನ್ನ ಸಿದ್ಧಾಂತ ತೆಳ್ಳಗೆ ಕಾಣುತ್ತದೆ. ಬರೆಯದೆ ಬಿಟ್ಟರೆ ಶಾಸ್ತ್ರಕ್ಕೆ ಕೊರತೆ. ಅದಕ್ಕೇ ಕೇಳಿದೆ” ಎಂದ.

ಗುರುಗಳು ಅವನ ಕೈಯಲ್ಲಿದ್ದ ಹಾಳೆಗಳನ್ನು ನೋಡಲಿಲ್ಲ, ಮುಖ ನೋಡಿದರು. ಕೂತುಕೋ ಎಂದು ಹೇಳಿ ಒಂದು ಕತೆ ಶುರುಮಾಡಿದರು.

ಒಂದು ಸೀಮೆಯಲ್ಲಿ ಬೇಸಗೆ ಬಂತೆಂದರೆ ಮಕ್ಕಳಿಗೆ ವಾಂತಿಭೇದಿ. ಭೇದಿಯಾಗುವ ಮಗುವಿಗೆ ನೀರು ಕೊಡಬೇಕೇ, ನಿಲ್ಲಿಸಬೇಕೇ ಎಂಬುದರಲ್ಲಿ ವೈದ್ಯರೊಳಗೇ ಒಮ್ಮತವಿರಲಿಲ್ಲ. ಕೊಡಬೇಕು ಎನ್ನುವವನು ಒಬ್ಬ ಮುದುಕ ವೈದ್ಯ. ನಿಲ್ಲಿಸಬೇಕು ಎನ್ನುವವನು ಒಬ್ಬ ನಡುವಯಸ್ಸಿನ ವೈದ್ಯ. ನಡುವಯಸ್ಸಿನವನ ನಾಲಗೆಯ ಮೇಲೆ ಸರಸ್ವತಿ ಇದ್ದಳು. ಜೊತೆಗೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವವೂ ಇತ್ತು. ಆದರೆ ಕೆಟ್ಟವನಲ್ಲ. ತೂತು ಬಿದ್ದ ಕೊಡಕ್ಕೆ ನೀರು ಸುರಿದಷ್ಟೂ ಸೋರುವುದೇ ಹೆಚ್ಚು ಎಂದು ಮನಸಾರೆ ನಂಬಿದ್ದ.

ಈ ಗೊಂದಲ ಒಂದು ಸಲ ಮುಗಿಯಲಿ ಎಂದು ಸೀಮೆಯ ದೊರೆ ಇಬ್ಬರಿಗೂ ಪ್ರಬಂಧ ಬರೆದು ತರುವಂತೆ ಹೇಳಿಕಳಿಸಿದ. ಅಷ್ಟರಲ್ಲಿ ಮುದುಕ ಕಾಲವಾದ. ಅವನು ಏನನ್ನೂ ಬರೆದಿಟ್ಟಿರಲಿಲ್ಲ. ಅವನ ಮಾತು ಉಳಿಯುವುದಿದ್ದರೆ ಇನ್ನು ಎದುರಾಳಿ ಬರೆಯುವ ಪೂರ್ವಪಕ್ಷದಲ್ಲೇ ಉಳಿಯಬೇಕು. ಸತ್ತವನು ಎದ್ದು ಬಂದು, ನಾನು ಹೇಳಿದ್ದು ಹಾಗಲ್ಲಯ್ಯ ಎನ್ನುವುದಿಲ್ಲ.

ವೈದ್ಯ ಬರೆಯಲು ಕುಳಿತ. ಮುದುಕನ ಮಾತುಗಳನ್ನು ಒಂದೊಂದಾಗಿ ನೆನೆದು ಬರೆದ, ಒಂದೊಂದಕ್ಕೂ ಉತ್ತರ ಬರೆದ. ಒಂದು ಮಾತಿನ ಹತ್ತಿರ ಅವನ ಕೈ ನಿಂತಿತು. ‘ಮಗುವಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಡು. ಅದು ಹಿಂದಕ್ಕೆ ಹೋಗದೆ ಮಡಿಕೆಯಾಗಿಯೇ ನಿಂತರೆ ಮಗು ಒಣಗುತ್ತಿದೆ ಎಂದು ತಿಳಿ. ಗುಟುಕು ಗುಟುಕಾಗಿ ಉಪ್ಪು ಬೆರೆಸಿದ ಗಂಜಿನೀರು ಕೊಡು’ ಎಂದು ಮುದುಕ ಹೇಳುತ್ತಿದ್ದ. ಆ ಮಡಿಕೆಯನ್ನು ಈ ವೈದ್ಯನೂ ಕಂಡಿದ್ದ. ಅದಕ್ಕೆ ಏನು ಉತ್ತರ ಬರೆಯಬೇಕೋ ತೋಚಲಿಲ್ಲ. ಇಡೀ ದಿನ ಕುಳಿತ. ಸಂಜೆಗೆ ಆ ಮಾತನ್ನು ಬಿಟ್ಟು ಮುಂದೆ ಹೋದ. ಅದರ ಜಾಗದಲ್ಲಿ, ‘ಮಗುವಿನ ಅಳು ಕೇಳಲಾರದ ಮೆತ್ತನೆಯ ಮನಸ್ಸಿನವರು ನೀರು ಕೊಡಿ ಎನ್ನುತ್ತಾರೆ’ ಎಂದು ಬರೆದ. ಇದಕ್ಕೆ ಉತ್ತರ ಸುಲಭವಾಗಿತ್ತು.

ವಿದ್ವಾಂಸರ ಸಭೆ ನಗಿಸಿದವನಿಗೆ ಬೇಗ ಒಲಿಯುತ್ತದೆ. ನಕ್ಕಿತು, ತಲೆದೂಗಿತು, ಶಾಲು ಹೊದಿಸಿತು. ದೊರೆ ಪ್ರಬಂಧಕ್ಕೆ ಪ್ರತಿ ಮಾಡಿಸಿ ಊರೂರ ಚಾವಡಿಯಲ್ಲಿ ಓದಿಸಿದ.

ಮುಂದಿನ ಬೇಸಗೆಯಲ್ಲಿ ದೂರದ ಊರಿನ ಒಬ್ಬ ಹೆಂಗಸು ವೈದ್ಯನ ಮನೆಗೆ ಬಂದಳು. ಜಗಲಿಯ ಅಂಚಿನಲ್ಲಿ ಕುಳಿತು, ಬಿಸಿಲಲ್ಲಿ ನಡೆದು ಬಂದ ದಣಿವು ಆರುವ ಮೊದಲೇ ಮಾತು ತೆಗೆದಳು.

“ಪಂಡಿತರೇ, ನನ್ನ ಮಗ ಭೇದಿಯಲ್ಲಿ ಹೋದ. ನಿಮ್ಮ ಬರಹನ ನಮ್ಮೂರ ಚಾವಡಿಯಲ್ಲಿ ಓದಿದಾಗ ನಾನೂ ಕೇಳಿದ್ದೆ. ಅವನು ನೀರು ನೀರು ಅಂದ, ಕೊಡಲಿಲ್ಲ. ಕಣ್ಣಿಗೆ ಬಿದ್ದರೆ ಕೇಳ್ತಾನೆ ಅಂತ ಕೊಡ ಎತ್ತಿ ಹಿತ್ತಲಲ್ಲಿಟ್ಟೆ. ಆಮೇಲೆ ಕೇಳೋದನ್ನೇ ಬಿಟ್ಟ. ಗುಣ ಆಗ್ತಾ ಇದೆ ಅಂದುಕೊಂಡೆ.”

ವೈದ್ಯ ಜಗಲಿಯಲ್ಲಿದ್ದ ನೀರಿನ ಚೊಂಬನ್ನು ಅವಳ ಕಡೆ ಸರಿಸಿದ.

“ಕೊನೇಲಿ ಮೈ ತೊಳೆಯುವಾಗ ಅವನ ಹೊಟ್ಟೆ ಚರ್ಮ ಹಿಡಿದರೆ ಹಿಡಿದ ಹಾಗೇ ನಿಂತಿತ್ತು. ಅದರ ವಿಷಯ ನೀವು ಬರೆದೇ ಇರ್ತೀರಿ. ಚಾವಡಿಯಲ್ಲಿ ಓದುವಾಗ ಮಗ ನನ್ನ ಮಡಿಲಲ್ಲಿ ಗಲಾಟೆ ಮಾಡ್ತಿದ್ದ, ಆ ಭಾಗ ನನ್ನ ಕಿವಿಗೆ ಬೀಳದೆ ಹೋಯ್ತೋ ಏನೋ. ಸರಿಯಾಗಿ ಕೇಳಿಸಿಕೊಂಡಿದ್ದರೆ ಉಳೀತಿದ್ದನೇನೋ ಅಂತ ಅನ್ನ ಸೇರೋದಿಲ್ಲ. ಅದೊಂದು ಭಾಗ ಓದಿ ಹೇಳಿ.”

ವೈದ್ಯ ಒಳಗೆ ಹೋಗಿ ಪ್ರಬಂಧ ತಂದ. ಯಾವ ಭಾಗವೆಂದು ಓದುವುದು? ಮೊದಲಿನಿಂದಲೇ ಓದಿದ. ತನ್ನ ವಾಕ್ಯಗಳು ಎಷ್ಟು ಚೆನ್ನಾಗಿವೆ ಎಂದು ಅವನಿಗೇ ಕೇಳಿಸುತ್ತಿತ್ತು. ಸಭೆ ನಕ್ಕಿದ್ದ ಜಾಗವನ್ನೂ ಬಿಡದೆ ಓದಿದ. ಅವಳು ಕೆನ್ನೆಗೆ ಕೈಕೊಟ್ಟು, ಈ ಸಲ ಒಂದಕ್ಷರವೂ ತಪ್ಪಿಹೋಗಬಾರದು ಎಂಬಂತೆ ಕೇಳಿದಳು. ಓದು ಮುಗಿಯಿತು.

“ಅದು ಇಲ್ಲವೇ ಇಲ್ಲ” ಎಂದಳು. ಕೆನ್ನೆಯಿಂದ ಕೈ ತೆಗೆದು, “ಹಾಗಾದರೆ ಅದು ಯಾರಿಗೂ ಗೊತ್ತಿರಲಿಲ್ಲ. ನಿಮ್ಮಂಥವರಿಗೇ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗಬೇಕು” ಎಂದಳು. ಬರುವಾಗ ಹೊತ್ತು ತಂದಿದ್ದ ಭಾರ ಅವಳ ಮುಖದಿಂದ ಒಂದಿಷ್ಟು ಇಳಿದಿತ್ತು. ವೈದ್ಯನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೊರಟಳು.

ನನಗೆ ಗೊತ್ತಿತ್ತು ಎನ್ನಲು ವೈದ್ಯ ಬಾಯಿ ತೆರೆದ. ಹೇಳಿದರೆ ಅವಳಿಗೆ ಸಿಕ್ಕ ಅಷ್ಟು ನೆಮ್ಮದಿಯನ್ನೂ ಕಿತ್ತುಕೊಂಡ ಹಾಗಾಗುತ್ತದೆ ಎಂದುಕೊಂಡ. ತನ್ನನ್ನು ತಡೆದದ್ದು ಕರುಣೆಯೋ ಹೆದರಿಕೆಯೋ ಅವನಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು. ವೈದ್ಯ ಜಗಲಿಯ ಮೇಲೆ ಕುಳಿತು ಮಕ್ಕಳ ಹಾಗೆ ಅತ್ತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಆಮೇಲಾದರೂ ಬಿಟ್ಟ ಮಾತನ್ನು ಬರೆದನೇ ಬುದ್ಧಿ?” ಎಂದು ಪರ್ವತಯ್ಯ ಕೇಳಿದ.

“ಬರೆದ. ಶಾಲನ್ನು ಹಿಂದಕ್ಕೆ ಕೊಟ್ಟ. ಊರೂರಿಗೆ ತಾನೇ ಹೋಗಿ ಚಾವಡಿಯಲ್ಲಿ ನಿಂತು, ಇದು ನನಗೆ ಗೊತ್ತಿತ್ತು, ಗೊತ್ತಿದ್ದೂ ಬಿಟ್ಟಿದ್ದೆ ಎಂದು ಓದಿ ಹೇಳಿದ. ಆ ತಾಯಿಯ ಊರಿಗೆ ಹೋಗಲು ಮಾತ್ರ ಅವನಿಗೆ ಕಾಲು ಏಳಲಿಲ್ಲ. ನಾಳೆ ಹೋಗೋಣ, ನಾಡಿದ್ದು ಹೋಗೋಣ ಎನ್ನುವಷ್ಟರಲ್ಲಿ ಇನ್ನೊಂದು ಬೇಸಗೆ ಕಳೆದುಹೋಯಿತು. ಆ ಊರಿನಲ್ಲೂ ಮಕ್ಕಳಿದ್ದರು.”

ಪರ್ವತಯ್ಯ ತಲೆ ತಗ್ಗಿಸಿದ. ಆಧಾರ ಹುಡುಕಿಕೊಂಡು ಮನೆಮನೆಗೆ ಹೋಗಿದ್ದಾಗ ಒಬ್ಬ ಬಾಣಂತಿ, ಬಾಯಾರಿ ಬಾಯಾರಿ ತನ್ನ ಎದೆಹಾಲೇ ಬತ್ತಿತು, ಕೂಸು ಬರಿದೇ ಚೀಪಿ ಅಳುತ್ತದೆ ಎಂದಿದ್ದಳು. ಅವನು ಹೂಂ ಎಂದು ಮುಂದಿನ ಮನೆಗೆ ಹೋಗಿದ್ದ, ಅದನ್ನು ಬರೆದುಕೊಂಡಿರಲಿಲ್ಲ. ಈಗ ಅವಳು ಹೇಗಿದ್ದಾಳೋ, ಕೂಸು ಹೇಗಿದೆಯೋ ಅವನಿಗೆ ತಿಳಿಯದು. ಹಾಳೆಗಳನ್ನು ಜೋಡಿಸಿಕೊಂಡು, “ನಾನು ಬರೆದ ಪೂರ್ವಪಕ್ಷ ಓದಲೇ ಬುದ್ಧಿ?” ಎಂದ.

“ಬರೆದದ್ದನ್ನು ಸಭೆ ಕೇಳುತ್ತದೆ, ನೀನು ಬಿಟ್ಟದ್ದನ್ನು ನನಗೆ ಓದು” ಎಂದರು ಗುರುಗಳು.